ಡಿಸ್ಲೆಕ್ಸಿಯಾ ಅಂತ ಬರೆದು ಫೈಲ್ ಮುಚ್ಚಬೇಡಿ: ಶಾಲೆ ನಡೆಸೋರಿಗೆ, ಪರೀಕ್ಷೆ ಮಾಡೋರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ, ಟೀಚರ್‌ಗಳಿಗೆ, ಸ್ಪೆಷಲ್ ಎಜುಕೇಟರ್‌ಗಳಿಗೆ ಮತ್ತು ಪರೀಕ್ಷಾ ಮಂಡಳಿಗಳ ಅಧಿಕಾರಿಗಳಿಗೆ,

ವಿಷಯ: ಡಿಸ್ಲೆಕ್ಸಿಯಾ, ಅಂದ್ರೆ ಪದ ಓದೋಕೆ ಒದ್ದಾಡೋ ತೊಂದರೆ, ಇರೋ ಮಕ್ಕಳನ್ನೆಲ್ಲಾ ಒಂದೇ ಲೆಕ್ಕಕ್ಕೆ ಸೇರಿಸ್ತಿರೋದರ ಬಗ್ಗೆ.

ನಮಸ್ಕಾರ. ನಾನು ಡಾಕ್ಟರೂ ಅಲ್ಲ, ಸೈಕಾಲಜಿಸ್ಟೂ ಅಲ್ಲ. ಓದೋಕೆ ಒದ್ದಾಡೋ ಮಗಳೊಬ್ಬಳ ತಾಯಿ, ಹಾಗೇ ಒದ್ದಾಡೋ ತಂಗಿ ಮಗನಿಗೆ ದೊಡ್ಡಮ್ಮ, ಅಷ್ಟೇ. ಈ ಪತ್ರಾನ ಯಾವುದೋ ಒಂದು ಸ್ಕೂಲಿಗೆ ಅಂತ ಬರೀತಿಲ್ಲ, ಯಾರ ಹೆಸರೂ ತೆಗೆಯಲ್ಲ, ಯಾಕಂದ್ರೆ ನಾನು ಮಾತಾಡಿಸಿರೋ ಬೇರೆ ಅಪ್ಪ ಅಮ್ಮಂದಿರೂ ಹೆಚ್ಚುಕಮ್ಮಿ ಇದನ್ನೇ ಹೇಳ್ತಾರೆ, ಸ್ಕೂಲ್ ಬೇರೆ ಬೇರೆ, ಸಿಕ್ಕಿರೋ ಉತ್ತರ ಮಾತ್ರ ಒಂದೇ. ಮೊದಲೆಲ್ಲಾ ಡಿಸ್ಲೆಕ್ಸಿಯಾ ಅಂದ್ರೆ ನೀವು ನಂಬ್ತಾನೇ ಇರಲಿಲ್ಲ, "ಸೋಮಾರಿ, ಆಟದ ಮೇಲೇ ಗಮನ" ಅಂತ ಕಳಿಸಿಬಿಡ್ತಿದ್ರಿ. ಈಗ ನಂಬ್ತೀರಿ, ಅದಕ್ಕೆ ಥ್ಯಾಂಕ್ಸ್, ನಿಜವಾಗ್ಲೂ. ಆದ್ರೆ ಹೆಸರು ಬರೆದಾದ ಮೇಲೆ ಕೆಲಸ ಮುಗೀತು ಅಂದ್ಕೊಳ್ತೀರಿ. ಮಗು ಏನು ತಪ್ಪು ಮಾಡ್ತಿದೆ, ಎಲ್ಲಿ ನಿಲ್ತಿದೆ, ಯಾವ ಥರದ ಪದಕ್ಕೆ ಮುಗ್ಗರಿಸ್ತಿದೆ ಅಂತ ಆಮೇಲೆ ಯಾರೂ ನೋಡಲ್ಲ. ನನ್ನ ದೂರು ಇಷ್ಟೇ.

ಕಣ್ಣಾರೆ ನೋಡಿರೋದನ್ನ ಹೇಳ್ತೀನಿ. ತಂಗಿ ಮಗ ಓದೋ ಸ್ಪೀಡ್ ನೋಡಿದ್ರೆ ಯಾರಿಗೂ ಡೌಟೇ ಬರಲ್ಲ. ಗೊತ್ತಿರೋ ಪದಗಳನ್ನ ಪಟಪಟ ಹೇಳ್ತಾನೆ. ಮೊದಲ ಸಲ ನೋಡೋ ಪದ ಬಂತೋ, ಮೊದಲನೇ ಅಕ್ಷರ ನೋಡಿ ತನಗೆ ಗೊತ್ತಿರೋ ಯಾವುದೋ ಪದ ಎಸೆದು ಮುಂದೆ ಹೋಗ್ತಾನೆ. 'ಪರಿಸರ' ಇದ್ರೆ 'ಪರೀಕ್ಷೆ', 'ಸಂಕೋಚ' ಇದ್ರೆ 'ಸಂತೋಷ'. ಅರ್ಥವೇ ಇಲ್ಲದ ಪದ ಬರೆದುಕೊಟ್ರೆ, ಉದಾಹರಣೆಗೆ 'ಟಗುಮೆ', 'ಲೋಪಿರ' ಅಂತ, ಅವನ ಮುಖ ಸಣ್ಣಗಾಗುತ್ತೆ, ಹಿಡ್ಕೊಳ್ಳೋಕೆ ಏನೂ ಸಿಗಲ್ಲ ಅವನಿಗೆ. ಪದದಲ್ಲಿರೋ ಸದ್ದುಗಳನ್ನ ಬಿಡಿಸಿ ಹೇಳು ಅಂದ್ರೆ, ಒಂದು ಸದ್ದು ತೆಗೆದು ಉಳಿದಿದ್ದನ್ನ ಹೇಳು ಅಂದ್ರೆ, ಅದೂ ಆಗಲ್ಲ. ಬಾಯಲ್ಲಿ ಕತೆ ಹೇಳು ಅನ್ನಿ, ಅವನನ್ನ ನಿಲ್ಲಿಸೋದು ಕಷ್ಟ.

ನನ್ನ ಮಗಳು ಇದಕ್ಕೆ ಪೂರ್ತಿ ಉಲ್ಟಾ. ಒಂದು ತಪ್ಪೂ ಮಾಡಲ್ಲ. 'ಟಗುಮೆ' ಕೊಡಿ, ಸರಿಯಾಗೇ ಓದ್ತಾಳೆ. ಆದ್ರೆ ನೂರು ಸಲ ನೋಡಿರೋ ಪದಾನೂ ಅವಳಿಗೆ ಹೊಸದೇ, ಒಂದೊಂದು ಅಕ್ಷರ ಕೂಡಿಸಿ ಕೂಡಿಸಿ ಸಾಲಿನ ಕೊನೆಗೆ ಬರೋ ಹೊತ್ತಿಗೆ ಶುರುವಲ್ಲಿ ಏನಿತ್ತು ಅನ್ನೋದು ಮರೆತುಹೋಗಿರುತ್ತೆ. ಪ್ಯಾರಾ ಓದಿ ಉತ್ತರ ಬರಿ ಅಂದ್ರೆ ಪ್ಯಾರಾ ಮುಗಿಯೋದ್ರೊಳಗೆ ಟೈಮ್ ಮುಗಿದಿರುತ್ತೆ. ಅದೇ ಪ್ಯಾರಾನ ನಾನು ಓದಿ ಹೇಳಿದ್ರೆ ಎಲ್ಲಾ ಪ್ರಶ್ನೆಗೂ ಉತ್ತರ ಅವಳ ಹತ್ರ ಇದೆ. ಮೀಟಿಂಗಲ್ಲಿ ಇದನ್ನೆಲ್ಲಾ ಹೇಳಿದಾಗ ನನಗೆ ಸಿಕ್ಕ ಉತ್ತರ: "ನೋಡಿ ಮೇಡಂ, ತಪ್ಪಿಲ್ಲದೆ ಓದ್ತಾಳಲ್ಲ, ಉಲ್ಟಾ, ಕನ್ನಡಿ ಅಕ್ಷರ ಬರೆಯಲ್ವಲ್ಲ, ಹಾಗಿದ್ಮೇಲೆ ಡಿಸ್ಲೆಕ್ಸಿಯಾ ಹೇಗಾಗುತ್ತೆ, ಸ್ವಲ್ಪ ಸ್ಲೋ ಅಷ್ಟೇ, ಕಾಯೋಣ."

ಆಮೇಲೆ ಹೊರಗಡೆ ಟೆಸ್ಟ್ ಮಾಡಿಸಿ ಇಬ್ಬರಿಗೂ ರಿಪೋರ್ಟ್ ಬಂತು, ಎರಡರಲ್ಲೂ ಡಿಸ್ಲೆಕ್ಸಿಯಾ ಅಂತಾನೇ ಇತ್ತು, ಇಬ್ಬರನ್ನೂ ರೆಮಿಡಿಯಲ್ ಕ್ಲಾಸಿಗೆ ಹಾಕಿದ್ರು. ಅಲ್ಲಿ ಇಬ್ಬರ ಕೈಗೂ ಅದೇ ವರ್ಕ್‌ಶೀಟ್. ಅಕ್ಷರಕ್ಕೆ ಸದ್ದು ಹೊಂದಿಸೋದು, ಪದ ಒಡೆಯೋದು, ಕೂಡಿಸೋದು. ಹುಡುಗನಿಗೆ ಅದು ಬೇಕಾಗಿತ್ತು, ಅವನಲ್ಲಿ ಬದಲಾವಣೆ ಕಾಣಿಸ್ತು. ನನ್ನ ಮಗಳಿಗೆ ಅದು ಆಗಲೇ ಬರ್ತಿತ್ತು! ಬರೋದನ್ನೇ ಮತ್ತೆ ಮತ್ತೆ ಮಾಡಿಸಿದ್ರು, ಬರದೇ ಇರೋದನ್ನ, ಅಂದ್ರೆ ಪದಾನ ಒಂದೇ ನೋಟಕ್ಕೆ ಗುರುತು ಹಿಡಿಯೋದನ್ನ, ಯಾರೂ ಮುಟ್ಟಲೇ ಇಲ್ಲ. ಕೊನೆಗೆ ಅವಳ ರಿಪೋರ್ಟಲ್ಲಿ "ಪ್ರಗತಿ ಇಲ್ಲ" ಅಂತ ಬರೆದ್ರು ನೋಡಿ, ನನಗೆ ಉರಿದಿದ್ದು ಅಲ್ಲಿ. ಜ್ವರ ಅಂತ ಬಂದೋರಿಗೆಲ್ಲಾ ಒಂದೇ ಮಾತ್ರೆ ಕೊಟ್ಟು, ವಾಸಿ ಆಗದೇ ಇದ್ರೆ ಪೇಷಂಟನ್ನ ಬಯ್ಯೋ ಡಾಕ್ಟರ್ ಹತ್ರ ನೀವು ಹೋಗ್ತೀರಾ?

ಇದೇನು ಹೊಸ ಫ್ಯಾಷನ್ ಕಾಯಿಲೆ ಅನ್ನೋರಿಗೆ ಒಂದು ಮಾತು. ಕಣ್ಣು, ಬುದ್ಧಿ, ಮಾತು ಎಲ್ಲಾ ಚೆನ್ನಾಗಿದ್ದೂ ಓದೋಕೆ ಮಾತ್ರ ಆಗದೇ ಇರೋರ ಬಗ್ಗೆ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಅನ್ನೋ ವೈದ್ಯರು 1877ರಲ್ಲೇ ಬರೆದಿದ್ರು. ಡಿಸ್ಲೆಕ್ಸಿಯಾ ಅನ್ನೋ ಹೆಸರು ಕೊಟ್ಟಿದ್ದು ರುಡಾಲ್ಫ್ ಬರ್ಲಿನ್ ಅನ್ನೋ ಕಣ್ಣಿನ ಡಾಕ್ಟರು, 1887ರಲ್ಲಿ ಅದರ ಬಗ್ಗೆ ಪುಸ್ತಕಾನೇ ಬಂತು. ಇವರಿಬ್ಬರೂ ನೋಡಿದ್ದು ಮೆದುಳಿಗೆ ಪೆಟ್ಟಾಗಿ ಓದು ಕಳ್ಕೊಂಡ ದೊಡ್ಡವರನ್ನ. ಹುಟ್ಟಿನಿಂದಲೇ ಹೀಗಿರೋ ಹುಡುಗನ ಬಗ್ಗೆ ಬರೆದಿದ್ದು ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನೋ ಡಾಕ್ಟರು, 1896ರ ನವೆಂಬರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. ಆ ಹುಡುಗನ ಹೆಸರು ಪರ್ಸಿ, ವಯಸ್ಸು 14, ಗುಣಾಕಾರ ಸಲೀಸು, ಆದ್ರೆ ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆದಿದ್ದ, ಹೇಳೋವರೆಗೂ ಅವನಿಗೆ ಗೊತ್ತೇ ಆಗಿರಲಿಲ್ಲ. ಪಾಠ ಎಲ್ಲಾ ಬಾಯಲ್ಲೇ ಇದ್ದಿದ್ರೆ ಇಡೀ ಸ್ಕೂಲಿಗೇ ಇವನೇ ಚುರುಕು ಹುಡುಗ ಆಗಿರ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದೂ ಅದರಲ್ಲಿ ದಾಖಲಾಗಿದೆ. ಆ ಮೇಷ್ಟ್ರಿಗೆ ಟೆಸ್ಟ್ ಕಿಟ್ ಇರಲಿಲ್ಲ, ಟ್ರೈನಿಂಗ್ ಇರಲಿಲ್ಲ, ಹುಡುಗನನ್ನ ಸರಿಯಾಗಿ ನೋಡಿದ್ರು, ಅಷ್ಟೇ. ನಮ್ಮ ಮಕ್ಕಳಿಗೆ ನಾನು ಕೇಳ್ತಿರೋದೂ ಅಂಥ ಮೇಷ್ಟ್ರನ್ನೇ.

ಮೊದಲು ಇದನ್ನ ನೋಡಿದೋರಲ್ಲಿ ಕಣ್ಣಿನ ಡಾಕ್ಟರುಗಳು ಜಾಸ್ತಿ ಇದ್ರು, ಅದಕ್ಕೋ ಏನೋ ಇದು ಕಣ್ಣಿನ ದೋಷ ಅನ್ನೋ ನಂಬಿಕೆ ಇವತ್ತಿಗೂ ಹೋಗಿಲ್ಲ. ಹಾಗೇ 'ಅಕ್ಷರ ಉಲ್ಟಾ ಕಾಣುತ್ತೆ' ಅನ್ನೋದು. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಅನ್ನೋ ಡಾಕ್ಟರು 1925ರಲ್ಲಿ ಅಕ್ಷರ ತಿರುಗಿಸೋದನ್ನೇ ಮುಖ್ಯ ಲಕ್ಷಣ ಅಂದಿದ್ರು, ಮೆದುಳಿನ ಎರಡು ಅರ್ಧಗಳ ಮಧ್ಯೆ ಗೊಂದಲ ಅಂತ ಅವರ ವಾದ. ಆ ವಾದ ನಿಲ್ಲಲಿಲ್ಲ. ಅವರು ಹೇಳಿಕೊಟ್ಟ ಪಾಠದ ಕ್ರಮ ಮಾತ್ರ ನಿಲ್ತು, ಅನಾ ಗಿಲಿಂಗಮ್ ಅನ್ನೋ ಶಿಕ್ಷಕಿ ಅದನ್ನ ಬೆಳೆಸಿ ಕೈಪಿಡಿ ಮಾಡಿದ್ರು, ಇವತ್ತಿಗೂ ಎಷ್ಟೋ ಕಡೆ ಆರ್ಟನ್ ಗಿಲಿಂಗಮ್ ಅಂತ ಅದೇ ನಡೀತಿದೆ. ಓದು ಕಲಿಯೋಕೆ ಶುರು ಮಾಡಿದ ಬಹುಪಾಲು ಮಕ್ಕಳು ಸ್ವಲ್ಪ ಕಾಲ ಅಕ್ಷರ ತಿರುಗಿಸ್ತಾರೆ, ಇಂಗ್ಲಿಷ್ ಬಿ ಡಿ ಆಗುತ್ತೆ, ಡಿ ಬಿ ಆಗುತ್ತೆ. ಡಿಸ್ಲೆಕ್ಸಿಯಾ ಇರೋ ಎಷ್ಟೋ ಮಕ್ಕಳು ಹಾಗೆ ಮಾಡೋದೇ ಇಲ್ಲ. ಹಾಗಿರೋವಾಗ ಕನ್ನಡಿ ಅಕ್ಷರ ಒಂದನ್ನೇ ಹಿಡ್ಕೊಂಡು ಮಗೂನ ವಾಪಸ್ ಕಳಿಸೋದು ಯಾವ ನ್ಯಾಯ ಸರ್?

ಇನ್ನು ಬಗೆಗಳ ವಿಚಾರಕ್ಕೆ ಬರ್ತೀನಿ. ನಾವೆಲ್ಲಾ ಒಂದು ಪದಾನ ಎರಡು ದಾರೀಲಿ ಓದ್ತೀವಿ. ಹೊಸ ಪದ ಆದ್ರೆ ಅಕ್ಷರ ಅಕ್ಷರಕ್ಕೆ ಸದ್ದು ಕೂಡಿಸಿ ಓದ್ತೀವಿ, ಪರಿಚಯದ ಪದ ಆದ್ರೆ ಇಡಿಯಾಗಿ ಗುರುತು ಹಿಡೀತೀವಿ. ಮೆದುಳಿಗೆ ಪೆಟ್ಟಾದ ರೋಗಿಗಳು ಓದೋವಾಗ ಮಾಡೋ ತಪ್ಪುಗಳನ್ನ ಜಾನ್ ಮಾರ್ಷಲ್, ಫ್ರೆಡಾ ನ್ಯೂಕೂಂಬ್ ಅನ್ನೋ ಇಬ್ಬರು 1973ರಲ್ಲಿ ವಿಂಗಡಿಸಿ ತೋರಿಸಿದ್ರು, ಎಲ್ಲರ ತಪ್ಪೂ ಒಂದೇ ಥರ ಇಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಕೆಟ್ಟಿರುತ್ತೆ ಅಂತ. 1993ರಲ್ಲಿ ಸಂಶೋಧಕರಾದ ಆನ್ ಕ್ಯಾಸಲ್ಸ್, ಮ್ಯಾಕ್ಸ್ ಕೋಲ್ಟ್‌ಹಾರ್ಟ್ ಇದನ್ನ ಮಕ್ಕಳಲ್ಲೂ ತೋರಿಸಿದ್ರು, ಅಂದ್ರೆ ಯಾವ ಪೆಟ್ಟೂ ಬೀಳದ, ಓದು ಕಲೀತಿರೋ ಮಕ್ಕಳಲ್ಲಿ. ನಾನು ಇದನ್ನ ಓದಿದಾಗ ನಮ್ಮ ಮನೆ ಇಬ್ಬರು ಮಕ್ಕಳು ಕಣ್ಮುಂದೆ ಬಂದ್ರು.

ಸದ್ದು ಕೂಡಿಸೋ ದಾರಿ ಕೈಕೊಟ್ರೆ ಅದು ಫೋನಲಾಜಿಕಲ್ ಡಿಸ್ಲೆಕ್ಸಿಯಾ, ನಮ್ಮ ಹುಡುಗನ ಥರ, ಹೆಚ್ಚು ಮಕ್ಕಳಲ್ಲಿ ಕಾಣೋದು ಈ ಸದ್ದಿನ ತೊಂದರೇನೇ. ಇಡೀ ಪದ ಗುರುತಿಸೋ ದಾರಿ ಕೈಕೊಟ್ರೆ ಅದು ಸರ್ಫೇಸ್ ಡಿಸ್ಲೆಕ್ಸಿಯಾ. ಇಂಥ ಮಗು ಇಂಗ್ಲಿಷಲ್ಲಿ 'ಐಲ್ಯಾಂಡ್' ಅನ್ನೋದನ್ನ ಬರೆದಿರೋ ಹಾಗೇ 'ಇಸ್‌ಲ್ಯಾಂಡ್' ಅಂತ ಓದುತ್ತೆ, 'ಯಾಟ್' ಅನ್ನೋದನ್ನ 'ಯಾಚ್ಟ್' ಅನ್ನುತ್ತೆ. ಕನ್ನಡದಂಥ, ಬರೆದ ಹಾಗೇ ಓದೋ ಭಾಷೇಲಿ ಈ ತಪ್ಪು ಹೊರಗೆ ಬರೋದೇ ಕಷ್ಟ, ಬರೀ ನಿಧಾನವಾಗಿ ಕಾಣಿಸುತ್ತೆ. ಆ ನಿಧಾನಕ್ಕೆ ಇನ್ನೊಂದು ಕಾರಣಾನೂ ಇರ್ಬಹುದು. ಸಾಲಾಗಿ ಇಟ್ಟಿರೋ ಬಣ್ಣ, ಚಿತ್ರ, ಅಂಕಿಗಳ ಹೆಸರನ್ನ ಬೇಗ ಬೇಗ ಹೇಳೋಕೆ ಕೆಲವು ಮಕ್ಕಳಿಗೆ ಆಗಲ್ಲ, ಗೊತ್ತಿದ್ರೂ ಬಾಯಿಗೆ ತಡವಾಗಿ ಬರುತ್ತೆ. ಸಂಶೋಧಕರಾದ ಮೇರಿಯಾನ್ ವುಲ್ಫ್, ಪೆಟ್ರೀಷಿಯಾ ಬೋವರ್ಸ್ 1999ರಲ್ಲಿ ಹೇಳಿದ್ದು ಇದನ್ನೇ: ಕೆಲವರಿಗೆ ಸದ್ದಿನ ತೊಂದರೆ, ಕೆಲವರಿಗೆ ಈ ಹೆಸರು ಹೇಳೋ ವೇಗದ ತೊಂದರೆ, ಎರಡೂ ಸೇರಿಕೊಂಡೋರ ಪಾಡು ಎಲ್ಲರಿಗಿಂತ ಕಷ್ಟ.

ಇಷ್ಟಕ್ಕೇ ಮುಗಿಯಲ್ಲ. ಅಕ್ಷರ ಎಲ್ಲಾ ಸರಿಯಾಗೇ ಗೊತ್ತು, ಆದ್ರೆ ಜಾಗ ಅದಲು ಬದಲು, 'ಅವಸರ' ಹೋಗಿ 'ಅಸವರ', 'ಕೆಲಸ' ಹೋಗಿ 'ಕೆಸಲ', ಇಂಗ್ಲಿಷಲ್ಲಿ 'ಫ್ರಮ್' ಇದ್ರೆ 'ಫಾರ್ಮ್', ಇದು ಲೆಟರ್ ಪೊಸಿಷನ್ ಡಿಸ್ಲೆಕ್ಸಿಯಾ. ಇಸ್ರೇಲಿನ ನಾಮಾ ಫ್ರೀಡ್ಮನ್ ಹೀಬ್ರೂ ಓದೋ ಮಕ್ಕಳಲ್ಲಿ ಇದನ್ನ ತುಂಬಾ ವಿವರವಾಗಿ ನೋಡಿದ್ದಾರೆ. ಹೀಬ್ರೂನಲ್ಲಿ ಸ್ವರಗಳನ್ನ ಹೆಚ್ಚಾಗಿ ಬರೆಯಲ್ಲ, ಹಂಗಾಗಿ ಎರಡು ಅಕ್ಷರ ಜಾಗ ಬದಲಿಸಿದ್ರೂ ಇನ್ನೊಂದು ಅರ್ಥ ಇರೋ ಪದ ಹುಟ್ಟಿಬಿಡುತ್ತೆ, ತಪ್ಪು ಬೇಗ ಸಿಕ್ಕಿಬೀಳುತ್ತೆ. ನಮ್ಮ ಭಾಷೇಲಿ ಹಾಗೆ ಆಗೋದು ಕಮ್ಮಿ, ಮಗು ತಾನೇ ತಡವರಿಸಿ ಸರಿಮಾಡ್ಕೊಳ್ಳುತ್ತೆ, ನೀವು ಅದನ್ನ 'ಗಮನ ಇಲ್ಲ' ಅಂತ ಬರೀತೀರಿ. ಇನ್ನು ಅಟೆನ್ಷನಲ್ ಡಿಸ್ಲೆಕ್ಸಿಯಾ ಅಂತಿದೆ. ಅಲ್ಲಿ ಅಕ್ಷರ ಒಂದು ಪದದಿಂದ ಪಕ್ಕದ ಪದಕ್ಕೆ ಹಾರುತ್ತೆ, 'ಕಲೆ ಬಳೆ' ಅಂತ ಇದ್ರೆ 'ಬಲೆ ಕಳೆ' ಅಂತ ಓದುತ್ತೆ. ಒಂದೊಂದೇ ಪದ ತೋರಿಸಿದ್ರೆ ಆ ಮಗು ಸರಿಯಾಗೇ ಓದುತ್ತೆ, ಅದಕ್ಕೇ ಬಿಡಿ ಪದಗಳ ಟೆಸ್ಟಲ್ಲಿ ಅದು ಪಾಸು. ಅಪರೂಪಕ್ಕೆ ಪದದ ಒಂದು ಬದಿಯನ್ನೇ ಬಿಟ್ಟು ಓದೋರೂ ಇದ್ದಾರೆ, 'ಉಪನಗರ' ಇದ್ರೆ ಬರೀ 'ನಗರ'. ಸ್ಟ್ರೋಕ್ ಆದ ದೊಡ್ಡವರಲ್ಲಿ ಒಂದು ಇನ್ನೂ ವಿಚಿತ್ರ, ಅದಕ್ಕೆ ಡೀಪ್ ಡಿಸ್ಲೆಕ್ಸಿಯಾ ಅಂತಾರೆ, 'ವೈದ್ಯ' ಅಂತ ಬರೆದಿದ್ರೆ 'ಆಸ್ಪತ್ರೆ' ಅಂತ ಓದ್ತಾರೆ, ಅಕ್ಷರಕ್ಕೂ ಬಾಯಲ್ಲಿ ಬರೋದಕ್ಕೂ ಸಂಬಂಧ ಇಲ್ಲ, ಅರ್ಥಕ್ಕೆ ಮಾತ್ರ ಸಂಬಂಧ. ಇದು ನಿಮ್ಮ ಕ್ಲಾಸಿಗೆ ಬರೋದು ತೀರಾ ಕಮ್ಮಿ, ಆದ್ರೂ ಹೇಳಿದೆ, ಓದು ಅನ್ನೋದು ಎಷ್ಟು ಕಡೆ ಬೇರೆ ಬೇರೆಯಾಗಿ ಮುರೀಬಹುದು ಅಂತ ಗೊತ್ತಾಗಲಿ.

ಈ ಹೆಸರುಗಳನ್ನೆಲ್ಲಾ ಬಾಯಿಪಾಠ ಮಾಡಿ ಅಂತ ನಾನು ಹೇಳ್ತಿಲ್ಲ. ಇವು ಗೋಡೆ ಹಾಕಿದ ಹಾಗೆ ಬೇರೆ ಬೇರೆ ಇರಲ್ಲ, ಬಹಳಷ್ಟು ಮಕ್ಕಳಲ್ಲಿ ಎರಡು ಮೂರು ಬೆರೆತಿರುತ್ತೆ, ಈ ವಿಂಗಡಣೆ ಎಷ್ಟು ಗಟ್ಟಿ ಅನ್ನೋದರ ಬಗ್ಗೆ ಸಂಶೋಧಕರಲ್ಲೇ ಜಗಳ ಇದೆ. ಕಾಯಿಲೆಗಳನ್ನ ಪಟ್ಟಿ ಮಾಡೋ ಅಮೆರಿಕದ ಸೈಕಿಯಾಟ್ರಿ ಕೈಪಿಡಿ ಡಿಎಸ್ಎಂ-5 ಕೂಡ 2013ರಲ್ಲಿ ಈ ಬಗೆಗಳನ್ನ ಲೆಕ್ಕಕ್ಕೆ ತಗೊಳ್ಳದೆ, ಎಲ್ಲಾ ಸೇರಿಸಿ ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್ ಅಂತ ಒಂದೇ ತಲೆಬರಹ ಕೊಟ್ಟಿದೆ. ಆದ್ರೆ ಅದರೊಳಗೂ ಪದ ಸರಿಯಾಗಿ ಓದೋದು, ಓದೋ ವೇಗ, ಅರ್ಥ ಮಾಡ್ಕೊಳ್ಳೋದು ಅಂತ ಬಿಡಿಸಿ ಬರೀಬೇಕು ಅಂತಾನೇ ಇದೆ, ದಯವಿಟ್ಟು ಅದನ್ನ ಓದಿ. ಬಗೆಯ ಹೆಸರು ಸರಿಯೋ ತಪ್ಪೋ ಪಂಡಿತರು ನೋಡ್ಕೊಳ್ಳಲಿ, ಮಗು ಮಾಡೋ ತಪ್ಪಂತೂ ನಿಮ್ಮ ಕಣ್ಣೆದುರೇ ಇದೆಯಲ್ಲ?

ಲಿಪಿ ವಿಚಾರಾನೂ ಹೇಳ್ಲೇಬೇಕು, ಇಲ್ಲಿ ಆಗೋ ಅನ್ಯಾಯ ಯಾರ ಕಣ್ಣಿಗೂ ಬೀಳಲ್ಲ. 2001ರಲ್ಲಿ ಎರಾಲ್ಡೋ ಪೌಲೇಸು ಮತ್ತವರ ಜೊತೆಗಾರರು ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದೋ ಡಿಸ್ಲೆಕ್ಸಿಯಾದೋರ ಮೆದುಳಿನ ಸ್ಕ್ಯಾನ್ ಮಾಡಿ ಸೈನ್ಸ್ ಪತ್ರಿಕೇಲಿ ಬರೆದ್ರು. ಓದಿನಲ್ಲಿ ಇಟಲಿಯೋರು ಉಳಿದೋರಿಗಿಂತ ವಾಸಿ, ಯಾಕಂದ್ರೆ ಅವರ ಭಾಷೇಲಿ ಬರೆದ ಹಾಗೇ ಓದೋದು. ಆದ್ರೆ ಮೆದುಳಿನ ಎಡಭಾಗದಲ್ಲಿ ಕೆಲಸ ಕಮ್ಮಿ ಕಂಡಿದ್ದು ಮೂರು ಭಾಷೆಯೋರಲ್ಲೂ ಒಂದೇ ಜಾಗದಲ್ಲಿ. ಅಂದ್ರೆ ತೊಂದರೆ ಅದೇ, ಲಿಪಿ ಬದಲಾದ ಹಾಗೆ ಮುಖ ಬದಲಾಗುತ್ತೆ. ಲಿಪಿ ಸುಲಭ ಇದ್ದಲ್ಲಿ ತಪ್ಪು ಕಾಣಲ್ಲ, ನಿಧಾನ ಕಾಣುತ್ತೆ. ನಮ್ಮಂಥ ಲಿಪಿಗಳ ಕಷ್ಟಾನೇ ಬೇರೆ, ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಮಗು ಕಲೀಬೇಕಾದ ಗುರುತುಗಳು ನೂರಾರು, ಇಂಗ್ಲಿಷಿನ 26 ಅಲ್ಲ. ಚೆನ್ನಾಗಿ ಓದೋ ಮಕ್ಕಳಿಗೂ ಇದೆಲ್ಲಾ ಕೈಗೆ ಹತ್ತೋಕೆ ವರ್ಷಗಳು ಬೇಕು. ಒತ್ತು ಕೆಳಗೆ ಇರುತ್ತೆ, ಉಚ್ಚಾರ ಆಮೇಲೆ ಬರುತ್ತೆ, ಅರ್ಕಾವತ್ತು ಕೊನೆಗೆ ಬರೆದ್ರೂ ಮೊದಲು ಹೇಳ್ಬೇಕು, ಪ ಷ ಫ ಘ ಎಲ್ಲಾ ಒಂದಕ್ಕೊಂದು ಹತ್ತಿರ, ಮ ಯ ಹೇಳೋದೇ ಬೇಡ. ಹೀಗಿರೋವಾಗ ಇಂಗ್ಲಿಷ್ ಮಕ್ಕಳಿಗೆ ಅಂತ ಮಾಡಿರೋ ಟೆಸ್ಟನ್ನ ಮನೇಲಿ ಬೇರೆ ಭಾಷೆ ಮಾತಾಡೋ, ಬೇರೆ ಲಿಪೀಲಿ ಓದು ಕಲಿತ ಮಗುವಿಗೆ ಕೊಟ್ಟು, ಬಂದ ಮಾರ್ಕ್ಸ್ ನೋಡಿ ತೀರ್ಮಾನ ಮಾಡ್ತೀರಿ. ಇಂಗ್ಲಿಷ್ ಬರದೇ ಇರೋದಕ್ಕೂ ಡಿಸ್ಲೆಕ್ಸಿಯಾಕ್ಕೂ ವ್ಯತ್ಯಾಸ ಅಲ್ಲಿ ಹೇಗೆ ಗೊತ್ತಾಗುತ್ತೆ? ಎರಡು ಕಡೇನೂ ಮೋಸ ಆಗುತ್ತೆ, ಇಲ್ಲದೋರಿಗೆ ಲೇಬಲ್, ಇರೋರಿಗೆ 'ಭಾಷೆ ಪ್ರಾಬ್ಲಂ, ಸರಿಹೋಗುತ್ತೆ'.

ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋದನ್ನ ಈಗ ಎಲ್ಲರೂ ಬಾಯಲ್ಲಿ ಹೇಳ್ತಾರೆ, ಆದ್ರೆ ಐಕ್ಯೂ ಜಾಸ್ತಿ ಇದ್ದು ಓದು ಕಮ್ಮಿ ಇದ್ರೆ ಮಾತ್ರ ಡಿಸ್ಲೆಕ್ಸಿಯಾ ಅನ್ನೋ ಹಳೇ ಲೆಕ್ಕ ಇನ್ನೂ ಕೆಲವು ಕಡೆ ನಡೀತಾನೇ ಇದೆ. ಸಂಶೋಧಕರು ಅದನ್ನ ಬಿಟ್ಟು ಎಷ್ಟೋ ಕಾಲ ಆಯ್ತು, ಐಕ್ಯೂ ಎಷ್ಟೇ ಇರಲಿ ಪದ ಓದೋಕಾಗದ ಮಗುವಿನ ಒದ್ದಾಟ ಅದೇ, ಬೇಕಿರೋ ಸಹಾಯಾನೂ ಅದೇ. ಮನೆತನದಲ್ಲಿ ಬರೋದಂತೂ ನಿಜ, ಅಪ್ಪನಿಗೋ ಅಮ್ಮನಿಗೋ ಇದ್ರೆ ಮಗುವಿಗೂ ಬರೋ ಸಂಭವ ಬೇರೆಯವರಿಗಿಂತ ಬಹಳ ಜಾಸ್ತಿ. 2022ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೇಲಿ ಬಂದ ದೊಡ್ಡ ಅಧ್ಯಯನದಲ್ಲಿ ಡಿಸ್ಲೆಕ್ಸಿಯಾ ಇದೆ ಅಂತ ಹೇಳಿಕೊಂಡ 50 ಸಾವಿರಕ್ಕೂ ಹೆಚ್ಚು ಜನರ ಡಿಎನ್ಎ ನೋಡಿ, ಇದಕ್ಕೆ ಸಂಬಂಧಪಟ್ಟ 42 ಜಾಗಗಳನ್ನ ಗುರುತು ಹಾಕಿದ್ರು. ಒಂದು ಜೀನ್ ಅಲ್ಲ, ತುಂಬಾ ಇವೆ, ಒಂದೊಂದರ ಪಾಲು ಚಿಕ್ಕದು. ಹಾಗಾಗಿ ಅಡ್ಮಿಷನ್ ಫಾರ್ಮಲ್ಲಿ ಅಪ್ಪನ ಸಂಬಳದ ಜೊತೆಗೆ "ಮನೇಲಿ ಯಾರಿಗಾದ್ರೂ ಓದೋಕೆ ತೊಂದರೆ ಇತ್ತಾ" ಅಂತ ಒಂದು ಪ್ರಶ್ನೆ ಇದ್ರೆ ಎಷ್ಟು ವರ್ಷ ಉಳಿಯುತ್ತೆ ಯೋಚನೆ ಮಾಡಿ.

ಹೆಣ್ಣುಮಕ್ಕಳ ತಾಯಂದಿರ ಪರವಾಗಿ ಒಂದು ಮಾತು. ಸ್ಯಾಲಿ ಶೇವಿಟ್ಜ್ ಮತ್ತವರ ತಂಡ 1990ರಲ್ಲಿ ಒಂದು ವಿಷಯ ತೋರಿಸಿದ್ರು. ಸ್ಕೂಲುಗಳು ಗುರುತು ಮಾಡಿದ ಪಟ್ಟೀಲಿ ಗಂಡುಮಕ್ಕಳೇ ತುಂಬಿದ್ರು, ಸಂಶೋಧಕರೇ ಎಲ್ಲಾ ಮಕ್ಕಳನ್ನೂ ಟೆಸ್ಟ್ ಮಾಡಿದಾಗ ಆ ಅಂತರ ಬಹುಪಾಲು ಮಾಯ. ಆಮೇಲಿನ ಅಧ್ಯಯನಗಳಲ್ಲಿ ಹುಡುಗರು ಸ್ವಲ್ಪ ಹೆಚ್ಚು ಅಂತ ಬಂದಿದೆ ಸರಿ, ಆದ್ರೆ ನಿಮ್ಮ ಪಟ್ಟೀಲಿ ಇರೋಷ್ಟಲ್ಲ. ಗಲಾಟೆ ಮಾಡೋ ಹುಡುಗನನ್ನ ಟೆಸ್ಟಿಗೆ ಕಳಿಸ್ತೀರಿ. ಸುಮ್ನೆ ಕೂತು, ಪಕ್ಕದವಳದ್ದು ನೋಡಿ ಬರ್ಕೊಂಡು, ಮನೆಗೆ ಬಂದು ಅಳೋ ಹುಡುಗಿ "ವೆಲ್ ಬಿಹೇವ್ಡ್". ನನ್ನ ಮಗಳ ರಿಪೋರ್ಟ್ ಕಾರ್ಡಲ್ಲಿ ಈ ಪದ ಎಷ್ಟು ಸಲ ಇದೆಯೋ ನಾನು ಎಣಿಸೋಕೂ ಹೋಗಲ್ಲ.

ಅಪ್ಪ ಅಮ್ಮಂದಿರು ಕಂಗಾಲಾಗಿರೋದು ಗೊತ್ತಿದ್ದೇ ಇಲ್ಲಿ ಒಂದು ವ್ಯಾಪಾರಾನೂ ಬೆಳೆದಿದೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ಹೀಗೆ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಕಣ್ಣಿನ ಡಾಕ್ಟರುಗಳ ಸಂಘ ಸೇರಿ 2009ರಲ್ಲೇ ಹೇಳಿಕೆ ಕೊಟ್ಟಿವೆ, ಇವುಗಳಿಂದ ಓದು ಸುಧಾರಿಸುತ್ತೆ ಅನ್ನೋದಕ್ಕೆ ಸರಿಯಾದ ಆಧಾರ ಇಲ್ಲ ಅಂತ. ಡಿಸ್ಲೆಕ್ಸಿಯಾಗೇ ಅಂತ ಮಾಡಿರೋ ಫಾಂಟುಗಳದ್ದೂ ಇದೇ ಕತೆ. ಅಕ್ಷರಗಳ ಮಧ್ಯೆ ಜಾಗ ಜಾಸ್ತಿ ಬಿಟ್ರೆ ಕೆಲವು ಮಕ್ಕಳಿಗೆ ಅನುಕೂಲ ಆಗುತ್ತೆ, 2012ರಲ್ಲಿ ಇಟಾಲಿಯನ್, ಫ್ರೆಂಚ್ ಮಕ್ಕಳಲ್ಲಿ ಅದನ್ನ ತೋರಿಸಿದ್ದಾರೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಪ್ರಶ್ನೆಪತ್ರಿಕೆ ಟೈಪ್ ಮಾಡೋವಾಗ ಸ್ವಲ್ಪ ಸೆಟ್ಟಿಂಗ್ ಬದಲಾಯಿಸಿದ್ರೆ ಸಾಕು. ಕಣ್ಣಿನ ಟೆಸ್ಟ್ ಬೇಡ ಅಂತಲ್ಲ, ಎಲ್ಲಾ ಮಕ್ಕಳಿಗೂ ಮಾಡಿಸಿ, ಕಿವೀದೂ ಮಾಡಿಸಿ. ಆದ್ರೆ ಅದು ಡಿಸ್ಲೆಕ್ಸಿಯಾಕ್ಕೆ ಮದ್ದಲ್ಲ.

ಈಗ ನನ್ನ ಬೇಡಿಕೆಗಳು. ಯಾವುದೂ ಆಕಾಶದಿಂದ ಇಳಿಸಬೇಕಾದ್ದಲ್ಲ.

"ಕಾಯೋಣ" ಅನ್ನೋ ಪದಾನ ಮೊದಲು ಬಿಡಿ. ಓದು ಬರೋ ಮಗು ಹೆಚ್ಚು ಓದುತ್ತೆ, ಹೆಚ್ಚು ಪದ ಕಲಿಯುತ್ತೆ, ಇನ್ನೂ ಚೆನ್ನಾಗಿ ಓದುತ್ತೆ, ಬರದ ಮಗು ಓದೋದನ್ನೇ ತಪ್ಪಿಸ್ಕೊಳ್ಳುತ್ತೆ, ಅಂತರ ವರ್ಷ ವರ್ಷ ಹಿಗ್ಗುತ್ತೆ. ಕೀತ್ ಸ್ಟ್ಯಾನೋವಿಚ್ ಅನ್ನೋ ಸಂಶೋಧಕರು 1986ರಲ್ಲೇ ಇದನ್ನ ಬರೆದಿದ್ದಾರೆ. ಕಾಯೋ ವರ್ಷ ಖಾಲಿ ಹೋಗಲ್ಲ, ಮಗೂನ ಇನ್ನೂ ಹಿಂದಕ್ಕೆ ತಳ್ಳುತ್ತೆ.

ಎರಡನೇದು, ಟೆಸ್ಟ್ ಮಾಡೋವಾಗ ಒಟ್ಟು ಮಾರ್ಕ್ಸ್ ಒಂದನ್ನೇ ಬರೀಬೇಡಿ. ಅರ್ಥ ಇಲ್ಲದ ಪದ ಓದಿಸಿ, ಪರಿಚಯದ ಪದ ಓದಿಸಿ, ಬಿಡಿ ಪದಾನೂ ಓದಿಸಿ, ಸಾಲೂ ಓದಿಸಿ, ಗಡಿಯಾರ ಇಟ್ಟು ವೇಗ ನೋಡಿ, ಚಿತ್ರಗಳ ಹೆಸರು ಬೇಗ ಹೇಳಿಸಿ, ಅದೇ ಪಾಠಾನ ಓದಿ ಹೇಳಿದ್ರೆ ಅರ್ಥ ಆಗುತ್ತಾ ನೋಡಿ. ಮನೆ ಭಾಷೇಲೂ ನೋಡಿ. ಮಗು ಓದಿದ್ದನ್ನ ಅದು ಓದಿದ ಹಾಗೇ ಬರೆದಿಟ್ಕೊಳ್ಳಿ, ತಪ್ಪು ಅಂತ ಒಂದು ಕಾಟು ಹಾಕಿ ಬಿಡಬೇಡಿ, ಆ ತಪ್ಪೇ ದಾರಿ ತೋರಿಸೋದು. ರಿಪೋರ್ಟಿನ ಕಾಪಿ ನಮಗೂ ಕೊಡಿ, ಅರ್ಥ ಆಗೋ ಭಾಷೇಲಿ. ಜೊತೆಗೆ ಬರವಣಿಗೆಯ ತೊಂದರೆ, ಲೆಕ್ಕದ ತೊಂದರೆ, ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಇದ್ಯಾ ಅಂತ್ಲೂ ನೋಡಿ, ಇವು ಎಷ್ಟೋ ಸಲ ಜೊತೇಲೇ ಇರ್ತವೆ, ಒಂದನ್ನ ನೋಡಿ ಇನ್ನೊಂದನ್ನ ಬಿಟ್ರೆ ಅರ್ಧ ಕೆಲಸ.

ಪಾಠದ ವಿಷಯ. ಸದ್ದು ಮತ್ತು ಅಕ್ಷರದ ಸಂಬಂಧಾನ ಹಂತ ಹಂತವಾಗಿ, ನೇರವಾಗಿ ಕಲಿಸೋದು ಕೆಲಸ ಮಾಡುತ್ತೆ, ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಅನ್ನೋ ತಜ್ಞರ ಸಮಿತಿ 2000ದಲ್ಲಿ ನೂರಾರು ಅಧ್ಯಯನ ಜಾಲಾಡಿ ಹೇಳಿದ್ದು ಅದೇ, ನಾನು ಅದನ್ನ ಅಲ್ಲಗಳೀತಿಲ್ಲ. ಆದ್ರೆ ಅದೇ ವರದಿ ಸರಾಗವಾಗಿ ಓದೋ ಅಭ್ಯಾಸ, ಪದಸಂಪತ್ತು, ಅರ್ಥಗ್ರಹಣ ಇವನ್ನೂ ಹೇಳಿದೆ. ಸದ್ದು ಬರೋ ಮಗುವಿಗೆ ಸದ್ದನ್ನೇ ಮತ್ತೆ ಉಜ್ಜಬೇಡಿ. ಅದಕ್ಕೆ ಬೇಕಿರೋದು ಅದೇ ಪ್ಯಾರಾನ ಯಾರಾದ್ರೂ ಜೊತೇಲಿ ಕೂತು ಗಟ್ಟಿಯಾಗಿ ಮತ್ತೆ ಮತ್ತೆ ಓದಿಸೋದು, ಪದಗಳ ರೂಪ ಮನಸ್ಸಲ್ಲಿ ಕೂರೋ ಹಾಗೆ. ಅಕ್ಷರ ಹಾರೋ ಮಗುವಿಗೆ ಒಂದು ಕಾರ್ಡಲ್ಲಿ ಕಿಟಕಿ ಕತ್ತರಿಸಿ ಒಂದೊಂದೇ ಪದ ಕಾಣೋ ಹಾಗೆ ಮಾಡಿ ಕೊಡಿ, ಜಾಗ ತಪ್ಪೋ ಮಗುವಿಗೆ ಬೆರಳಿಟ್ಟು ಓದೋಕೆ ಬಿಡಿ. ದೊಡ್ಡವರಾದ್ರೂ ಬೆರಳಿಡ್ತೀಯಾ ಅಂತ ಕೈ ಮೇಲೆ ಹೊಡೆಯೋದು ನಿಲ್ಲಿಸಿ. ಒಂದೇ ಪದಾನ ನೂರು ಸಲ ಬರೆಸೋ ಶಿಕ್ಷೆಯಿಂದ ಯಾವ ಮಗುವೂ ಓದು ಕಲ್ತಿಲ್ಲ.

ಪರೀಕ್ಷಾ ಮಂಡಳಿಯವರೇ, ಹೆಚ್ಚುವರಿ ಟೈಮ್ ಕೊಡೋದಕ್ಕೆ ತಪ್ಪುಗಳನ್ನ ಮಾತ್ರ ಅಳತೆ ಮಾಡಬೇಡಿ, ವೇಗಾನೂ ಅಳತೆ ಮಾಡಿ. ತಪ್ಪಿಲ್ಲದೆ ನಿಧಾನವಾಗಿ ಓದೋ ಮಗುವಿಗೇ ಟೈಮ್ ಬೇಕಾಗಿರೋದು, ಅವಳ ಅರ್ಜೀನೇ ವಾಪಸ್ ಬರೋದು ಅಂದ್ರೆ ಏನರ್ಥ? ವಿಜ್ಞಾನದ ಪತ್ರಿಕೇಲಿ ಉತ್ತರ ಸರಿ ಇದ್ದು ಕಾಗುಣಿತ ತಪ್ಪಿದ್ರೆ ಮಾರ್ಕ್ಸ್ ಕಟ್ ಮಾಡಬೇಡಿ. ಪ್ರಶ್ನೆ ಓದಿ ಹೇಳೋರನ್ನ ಕೊಡಿ ಅಂದ್ರೆ ಅದು ಕಾಪಿ ಹೊಡೆಸೋದಲ್ಲ. ಪ್ರತಿ ವರ್ಷ ಹೊಸದಾಗಿ ಸರ್ಟಿಫಿಕೇಟ್ ತನ್ನಿ ಅನ್ನೋದನ್ನೂ ಬಿಡಿ, ಇದು ವರ್ಷ ಕಳೆದ್ರೆ ಹೋಗೋದಲ್ಲ, ದೊಡ್ಡವರಾದ ಮೇಲೂ ಇರುತ್ತೆ, ದಾರಿ ಕಂಡ್ಕೊಂಡಿರ್ತಾರೆ ಅಷ್ಟೇ.

ಟೀಚರ್‌ಗಳಲ್ಲಿ ಒಂದು ಬೇರೆ ಕೋರಿಕೆ, ಇದಕ್ಕೆ ಸರ್ಕ್ಯುಲರ್ ಬೇಕಾಗಿಲ್ಲ. ಮುಂಚೆ ಹೇಳದೆ ಈ ಮಕ್ಕಳನ್ನ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ. ಓದಿಸಲೇಬೇಕು ಅಂದ್ರೆ ಹಿಂದಿನ ದಿನ ಆ ಪ್ಯಾರಾ ಕೊಟ್ಟು ಕಳಿಸಿ. ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದಾರೆ, ನಿಮಗೆ ಎಷ್ಟು ರಿಜಿಸ್ಟರ್ ತುಂಬೋ ಕೆಲಸ ಇದೆ ಅನ್ನೋದು ನನಗೂ ಗೊತ್ತು, ಒಬ್ಬೊಬ್ಬರ ಪಕ್ಕ ಗಂಟೆಗಟ್ಟಲೆ ಕೂರಿ ಅಂತ ಕೇಳೋಕೆ ನನಗೆ ಮುಖ ಇಲ್ಲ. ಅದಕ್ಕೇ ಮುಖ್ಯೋಪಾಧ್ಯಾಯರನ್ನ ಕೇಳ್ತಿದ್ದೀನಿ, ಇಂಥ ಮಕ್ಕಳ ಜೊತೆ ಕೂರೋಕೆ ಟೀಚರಿಗೆ ಟೈಮ್‌ಟೇಬಲಲ್ಲೇ ಪೀರಿಯಡ್ ಕೊಡಿ, ಟ್ರೈನಿಂಗ್ ಕೊಡಿ, ಒಂದು ದಿನದ ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಹಂಚೋ ಟ್ರೈನಿಂಗ್ ಅಲ್ಲ, ನಿಜವಾದ ಮಕ್ಕಳು ಓದೋದನ್ನ ಕೇಳಿಸಿ ಯಾವ ತಪ್ಪು ಯಾಕೆ ಅಂತ ಬಿಡಿಸಿ ಹೇಳೋ ಟ್ರೈನಿಂಗ್.

ಪರೀಕ್ಷಾ ಮಂಡಳಿಯವರೇ, ನನ್ನ ಮಗಳ ಹೆಚ್ಚುವರಿ ಟೈಮಿನ ಅರ್ಜಿ ನಿಮ್ಮ ಹತ್ರ ಇನ್ನೂ ಪೆಂಡಿಂಗ್ ಇದೆ. "ಓದಿನಲ್ಲಿ ತಪ್ಪು ಕಂಡುಬಂದಿಲ್ಲ" ಅಂತ ಷರಾ ಬರೆದು ಹೋದ ಸಲ ವಾಪಸ್ ಕಳಿಸಿದ್ರಿ, ಈ ಸಲ ಅವಳ ಓದೋ ವೇಗದ ಅಳತೇನ ಜೊತೆಗೆ ಇಟ್ಟು ಮತ್ತೆ ಕೊಟ್ಟಿದ್ದೀನಿ. ಒಪ್ಪದೇ ಇದ್ರೆ ಯಾಕೆ ಒಪ್ಪಲಿಲ್ಲ, ಯಾವ ಟೆಸ್ಟ್ ನೋಡಿ ತೀರ್ಮಾನ ಮಾಡಿದ್ರಿ ಅನ್ನೋದನ್ನ ಬರವಣಿಗೇಲಿ ಕೊಡಬೇಕು ಅಂತ ಕೇಳ್ಕೊಳ್ತೀನಿ, ಪರೀಕ್ಷೆ ಶುರು ಆಗೋದಕ್ಕೆ ಮುಂಚೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ